ನಲ್ಲಿ ಒಂದೇ, ಕೊಡ ಹಿಡಿದವರು ಇಬ್ಬರು

ಡೊಂಬಿವಲಿಯ ಫ್ಲ್ಯಾಟು, ಭಾನುವಾರ ಮಧ್ಯಾಹ್ನ. ಫ್ಯಾನು ಬಂದ್, ಕುಕ್ಕರಿಗೆ ಸೀಟಿ ಹೊಡೆಯದಂತೆ ತಾಕೀತು. ಭಾಗವತರು ಮೈಕಿನ ಮುಂದೆ ಗಂಟಲು ಸರಿ ಮಾಡಿಕೊಂಡು ಕೂತಿದ್ದಾರೆ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ, ರೆಕಾರ್ಡಿಂಗಿಗೆ ಸದ್ದನ್ನು ತಡವಿಲ್ಲದೆ ಸಾಗಿಸುವ ಜಾಕ್ ಎಂಬ ಪ್ರೋಗ್ರಾಮನ್ನು ಶುರು ಮಾಡಿದರೆ ಬರುವ ಉತ್ತರ: ‘ಡಿವೈಸ್ ಬಿಝಿ’.

ಯಾರ ಕೆಲಸದಲ್ಲಿ ಬಿಝಿ? ಯಾವುದನ್ನು ಯಾರು ಹಿಡಿದಿದ್ದಾರೆಂದು ಹೇಳುವ ‘ಫ್ಯೂಸರ್’ ಆಜ್ಞೆ ಹಾಕಿ, ಸೌಂಡ್ ಕಾರ್ಡಿನ /dev/snd ಫೋಲ್ಡರನ್ನು ಕೇಳಿದರೆ ಕಳ್ಳ ಸಿಗುತ್ತಾನೆ: ದಿನಬಳಕೆಯ ಸದ್ದನ್ನೆಲ್ಲ ನೋಡಿಕೊಳ್ಳುವ ಪಲ್ಸ್‌ಆಡಿಯೊ. ಬೆಳಿಗ್ಗೆ ಬ್ರೌಸರಿನಲ್ಲಿ ಹಾಕಿದ ಭಜನೆಯನ್ನು ಯಾರೋ ನಿಲ್ಲಿಸದೆ, ವಾಲ್ಯೂಮ್ ಸೊನ್ನೆಗಿಳಿಸಿ ಎದ್ದುಹೋಗಿದ್ದಾರೆ. ಸದ್ದಿಲ್ಲದಿದ್ದರೂ ಭಜನೆ ಓಡುತ್ತಲೇ ಇದೆ, ಆದ್ದರಿಂದ ಕಾರ್ಡು ಪಲ್ಸ್‌ನದ್ದೇ. ಪಾಝ್ ಒತ್ತಿ ಭಜನೆ ನಿಲ್ಲಿಸಿದ್ದರೆ ಸುಮಾರು 5 ಸೆಕೆಂಡಿನಲ್ಲಿ ಪಲ್ಸ್ ತಾನಾಗಿಯೇ ಬಿಟ್ಟುಕೊಡುತ್ತಿತ್ತು.

ಚಾಳಿನ ನಲ್ಲಿಯ ಲೆಕ್ಕವೇ ಇದು. ಲಿನಕ್ಸಿನ ತಿರುಳಾದ ಕರ್ನೆಲ್ ಒಳಗೆ ಕಾರ್ಡನ್ನು ನಡೆಸುವ ಅಲ್ಸಾ ಎಂಬುದು ನಲ್ಲಿ. ಈಗಿನ ಬಹುತೇಕ ಕಾರ್ಡುಗಳಿಗೆ ಸದ್ದು ಬೆರೆಸಲು ಬಾರದು, ಹಾಗಾಗಿ ಒಂದು ಸಲಕ್ಕೆ ಒಂದೇ ಕೊಡ. ಪಲ್ಸ್ ದೊಡ್ಡ ಡ್ರಮ್ಮು ತುಂಬಿಸಿಟ್ಟು ಎಲ್ಲರಿಗೂ ನಿಧಾನವಾಗಿ ಹಂಚುವ ಗೃಹಸ್ಥ. ಜಾಕ್‌ಗೆ ಚೊಂಬಿನಷ್ಟು ಸಾಕು, ಆದರೆ ತಾಳ ತಪ್ಪದೆ ಬರಬೇಕು. 48,000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಫ್ರೇಮ್ (ಸದ್ದಿನ ತುಣುಕು) ಲೆಕ್ಕದಲ್ಲಿ, ಸಲಕ್ಕೆ 256 ಫ್ರೇಮ್ ಅಂದರೆ 5.3 ಮಿಲಿಸೆಕೆಂಡಿಗೊಮ್ಮೆ ಒಂದು ಚೊಂಬು. ಹಿಂದೆಲ್ಲ ಪಲ್ಸ್‌ನ ಜಾಕ್ ಮಾಡ್ಯೂಲ್ ಹಾಕಿ ಡ್ರಮ್ಮಿನ ನೀರನ್ನು ಚೊಂಬಿಗೆ ಸುರಿಸುತ್ತಿದ್ದರು. ನಡೆಯುತ್ತಿತ್ತು, ಜಾಕ್ ಎಡವಿ ಬೀಳುವವರೆಗೆ.

ಈಗ ಆ ಪಂಚಾಯ್ತಿ ಬೇಡ, ಪಲ್ಸ್, ಜಾಕ್ ಇಬ್ಬರ ಕೆಲಸವನ್ನೂ ಒಬ್ಬನೇ ಮಾಡುವ ಪೈಪ್‌ವೈರ್ ಹಾಕಿ. ಫೆಡೋರಾ ಎಂಬ ಲಿನಕ್ಸಿನಲ್ಲಿ 2021ರ 34ನೇ ಆವೃತ್ತಿಯಿಂದ ಅದೇ ಯಜಮಾನ. ಇನ್ನೊಂದು ಲಿನಕ್ಸಾದ ಡೆಬಿಯನ್ 12ರಲ್ಲಾದರೆ ಪೈಪ್‌ವೈರ್-ಪಲ್ಸ್, ಪೈಪ್‌ವೈರ್-ಅಲ್ಸಾ, ಪೈಪ್‌ವೈರ್-ಜಾಕ್, ವೈರ್‌ಪ್ಲಂಬರ್ ಈ ನಾಲ್ಕೂ ಪ್ಯಾಕೇಜುಗಳು ಬೇಕು. ಹಳೇ ಪಲ್ಸ್‌ನ ಸರ್ವಿಸನ್ನೂ ಸಾಕೆಟ್ಟನ್ನೂ ಎರಡನ್ನೂ ನಿಲ್ಲಿಸಿ. ಸಾಕೆಟ್ ಉಳಿದರೆ ಅದು ಹಳೇ ಯಜಮಾನ ಪಲ್ಸ್‌ನನ್ನು ಮತ್ತೆ ಎಬ್ಬಿಸುತ್ತದೆ. ಇವೆಲ್ಲ ಬಳಕೆದಾರನ ಸರ್ವಿಸುಗಳು, ಆಜ್ಞೆಯ ಮುಂದೆ ಸುಡೊ (ಅಡ್ಮಿನ್ ಅಧಿಕಾರ ಕೊಡುವ ಪದ) ಹಚ್ಚಬೇಡಿ. ಹಚ್ಚುವವರೇ ಜಾಸ್ತಿ ಅನ್ನಿ.

ಆಮೇಲೆ ಟರ್ಮಿನಲ್ಲಿನಲ್ಲಿ ‘ಪ್ಯಾಕ್ಟಲ್ ಇನ್ಫೊ’ (pactl info) ಎಂದು ಕೇಳಿ. ಸರ್ವರ್ ಹೆಸರಿನ ಸಾಲಿನಲ್ಲಿ ‘ಪಲ್ಸ್‌ಆಡಿಯೊ, ಆನ್ ಪೈಪ್‌ವೈರ್’ ಎಂದಿದ್ದರೆ ಗೆದ್ದಿರಿ. ಮಾಟುಂಗಾದಲ್ಲಿ ಹೋಟೆಲು ಕೈ ಬದಲಾದ ಹಾಗೆ: ಬೋರ್ಡು ಹಳೆಯದು, ಒಲೆಯ ಮುಂದೆ ಹೊಸಬ, ಗಿರಾಕಿಗೆ ಇಡ್ಲಿ ಬಂದರಾಯಿತು. ಆದರೆ ಡೆಬಿಯನ್‌ನಲ್ಲಿ ‘ಆರ್ಡರ್’ (Ardour) ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರನ್ನು ‘ಪಿಡಬ್ಲ್ಯೂ-ಜಾಕ್’ ಆಜ್ಞೆಯ ಮೂಲಕ ತೆರೆಯದಿದ್ದರೆ ಅದು ಅಸಲಿ ಜಾಕ್‌ನ ಲೈಬ್ರರಿಯನ್ನೇ ಹುಡುಕಿಕೊಂಡು ಹೋಗುತ್ತದೆ, ಜಗಳ ಮತ್ತೆ ಮೊದಲಿನಿಂದ.

ಇನ್ನೊಂದು ಪೇಚು. ಪೈಪ್‌ವೈರ್ ಸಾಮಾನ್ಯವಾಗಿ ಸಲಕ್ಕೆ 1024 ಫ್ರೇಮ್ ಹಿಡಿಯುತ್ತದೆ, ಅಂದರೆ 21.3 ಮಿಲಿಸೆಕೆಂಡು. ಸದ್ದು ಮೈಕಿನಿಂದ ಹೋಗಿ ಹೆಡ್‌ಫೋನಿಗೆ ಬರುವಾಗ ತಡ ಅದರ ದುಪ್ಪಟ್ಟಿಗಿಂತ ಕಡಿಮೆಯಿಲ್ಲ. ಭಾಗವತರಿಗೆ ಹೆಡ್‌ಫೋನಿನಲ್ಲಿ ತಮ್ಮ ಪದ್ಯವೇ ತಡವಾಗಿ ಕೇಳಿಸಿ, ಮದ್ದಳೆಯವನ ಕಡೆ ದುರುಗುಟ್ಟುತ್ತಾರೆ. ಪಾಪ, ಅವನದೇನೂ ತಪ್ಪಿಲ್ಲ. ಪಿಡಬ್ಲ್ಯೂ-ಮೆಟಾಡೇಟಾ ಆಜ್ಞೆಯಿಂದ ‘ಕ್ಲಾಕ್.ಫೋರ್ಸ್-ಕ್ವಾಂಟಂ’, ಅಂದರೆ ಚೊಂಬಿನ ಅಳತೆಯನ್ನು, 256 ಮಾಡಿ. ಆಸೆಬಿದ್ದು 64 ಮಾಡಿದರೆ ಪದ್ಯದ ನಡುವೆ ಒಗ್ಗರಣೆ ಸಿಡಿಯುತ್ತದೆ. ಪೈಪ್‌ವೈರಿನ ನಡೆ ತೋರಿಸುವ ಪಿಡಬ್ಲ್ಯೂ-ಟಾಪ್‌ನಲ್ಲಿ ತಪ್ಪುಗಳ ಕಾಲಂ ಏರುತ್ತಿದ್ದರೆ 512ಕ್ಕೆ ಹೆಚ್ಚಿಸಿ ರಾಜಿಯಾಗಿ.

ರೆಕಾರ್ಡಿಂಗ್ ಮುಗಿದ ಮೇಲೆ ಆ ಫೋರ್ಸ್-ಕ್ವಾಂಟಂ ಅನ್ನು 0 ಮಾಡಿ, ಕುಕ್ಕರ್ ಹಚ್ಚಿ.