ಕಾಕಾ ಅಂದರೆ ತಿರುಗುತ್ತಾರೆ, ಮಾವ ಅಂದರೆ?

ಬೆಳಗಾವಿಯ ಖಡೇಬಜಾರಿನಲ್ಲಿ ಗುರುತಿಲ್ಲದ ಹಿರಿಯರನ್ನು ಕರೆಯಬೇಕೆಂದರೆ ‘ಕಾಕಾ’ ಎಂದುಬಿಡಿ. ಕನ್ನಡದವರಾದರೂ ತಿರುಗುತ್ತಾರೆ, ಮರಾಠಿಯವರಾದರೂ ತಿರುಗುತ್ತಾರೆ. ಅದೇ ಮನುಷ್ಯನನ್ನು ‘ಮಾವಾ’ ಎಂದು ಕೂಗಿ ನೋಡಿ. ಮನೆಯಲ್ಲಿ ಲಗ್ನಕ್ಕೆ ಬಂದ ಮಗಳಿದ್ದರೆ ಆತ ನಿಮ್ಮನ್ನು ಚಪ್ಪಲಿಯಿಂದ ತಲೆಯವರೆಗೆ ಒಮ್ಮೆ ಅಳೆಯುತ್ತಾನೆ.

‘ಚಿಕ್ಕಪ್ಪ’ ಇರುವುದು ಶಾಲೆಯ ಪುಸ್ತಕದಲ್ಲಿ. ನಮ್ಮ ಓಣಿಯಲ್ಲಿ ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಕಾಕು. 1956ರಲ್ಲಿ ಬೆಳಗಾವಿ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತು, ಕಾಕಾ ಕದಲಲಿಲ್ಲ. ಹೀಗೆ ಮರಾಠಿಯಿಂದ ಧಾರಾಳವಾಗಿ ಕಡ ತಂದುಕೊಂಡ ನಾವು ಅತ್ತಿ-ಮಾವನನ್ನು ಮಾತ್ರ ಬಿಟ್ಟುಕೊಡಲಿಲ್ಲ. ಎದುರಿಗೆ ‘ಮಾಮಾ’ ಎನ್ನುವವರಿದ್ದಾರೆ, ಆದರೆ ಕೊಡುವ-ತರುವ ಮಾತು ಬಂತೆಂದರೆ ಮಾವನೇ. ಆ ಶಬ್ದದ ಹೊಟ್ಟೆಯಲ್ಲೇ ಲಗ್ನ ಇದೆಯಲ್ಲ! ಅವ್ವನ ಅಣ್ಣನೂ ಮಾವ, ಹೆಣ್ಣು ಕೊಟ್ಟವನೂ ಮಾವ; ಅಪ್ಪನ ತಂಗಿಯೂ ಅತ್ತಿ, ಗಂಡನ ತಾಯಿಯೂ ಅತ್ತಿ. ಅಕ್ಕನ ಮಗಳನ್ನೇ ಮಾಡಿಕೊಂಡರಂತೂ ಅಕ್ಕನೇ ಅತ್ತಿ. ಅಂಥ ಲಗ್ನದಲ್ಲಿ ಆಯೇರಿ, ಅಂದರೆ ಬಂದ ಉಡುಗೊರೆ, ಬರೆದುಕೊಳ್ಳಲು ಕುಳಿತವನ ಗತಿ ನೋಡಬೇಕು: ಈ ಸೀರೆ ಗಂಡಿನವರದೋ, ಹೆಣ್ಣಿನವರದೋ?

ಮರಾಠಿಯಲ್ಲಿ ಅತ್ತೆ ಸಾಸೂ, ಮಾವ ಸಾಸರಾ. ಸೋದರಮಾವನಿಗೂ ಇದಕ್ಕೂ ಸಂಬಂಧವಿಲ್ಲ ಅನಿಸುತ್ತದೆ. ಆದರೆ ಹಳೆಯ ಕಾಲದ ಸೊಸೆ ಮಾವನನ್ನು ‘ಮಾಮಂಜಿ’ ಎಂದೂ ಅತ್ತೆಯನ್ನು ‘ಆತ್ಯಾಬಾಯಿ’ ಎಂದೂ ಕರೆಯುತ್ತಿದ್ದಳು. ಮಾಮಾ ಅಂದರೆ ಸೋದರಮಾವ, ಆತ್ಯಾ ಅಂದರೆ ಅಪ್ಪನ ಅಕ್ಕತಂಗಿಯೇ. ಹೆಸರು ಬೇರೆ ಇಟ್ಟರೂ ಕರೆಯುವಾಗ ಗುಟ್ಟು ರಟ್ಟಾಯಿತು. ಅದೇ ಮರಾಠಿಯಲ್ಲಿ ಪೊಲೀಸನೂ ‘ಮಾಮಾ’, ಮೋಸ ಹೋದವನೂ ‘ಮಾಮಾ’. ಆ ಅರ್ಥಗಳನ್ನು ನಾವು ಕಡ ತರದಿದ್ದುದೇ ಚಲೋ ಆಯಿತು.

ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ ಲೋಕದ ಬಂಧುವಾಚಕಗಳನ್ನೆಲ್ಲ ಕಲೆಹಾಕಿ 1871ರಲ್ಲಿ ದಪ್ಪ ಪುಸ್ತಕ ತಂದ. ತನ್ನ ನೆರೆಯ ಸೆನೆಕಾ ಬುಡಕಟ್ಟಿನವರು ಅಪ್ಪನ ಅಣ್ಣತಮ್ಮಂದಿರನ್ನೂ ಅಪ್ಪ ಎನ್ನುವುದನ್ನು ಕಂಡು ಅವನಿಗೆ ಸೋಜಿಗ. ತಮಿಳರ ಲೆಕ್ಕವೂ ಹಾಗೇ ಇದೆಯೆಂದು ತಿಳಿದಾಗ ಇನ್ನೂ ಸೋಜಿಗ. ದೊಡ್ಡಪ್ಪನ ಕೈಲಿ ಪೆಟ್ಟು ತಿಂದ ನಮ್ಮ ಹುಡುಗರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಇನ್ನು ‘ಅಂಕಲ್’. ಲ್ಯಾಟಿನ್‌ನಲ್ಲಿ ಅವನು ಅವುಂಕುಲುಸ್, ಅಂದರೆ ತಾಯಿಯ ಅಣ್ಣತಮ್ಮ ಮಾತ್ರ. ಅಪ್ಪನ ಕಡೆಯವನಿಗೆ ‘ಪಾತ್ರುಉಸ್’ ಎಂಬ ಬೇರೆ ಶಬ್ದವಿತ್ತು. ಇಂಗ್ಲಿಷಿಗೆ ಬರುವಷ್ಟರಲ್ಲಿ ಸೋದರಮಾವನೇ ಎಲ್ಲರ ಕುರ್ಚಿ ಹಿಡಿದು ಕುಳಿತ. ಈಗ ಟಿಳಕವಾಡಿಯ ಹುಡುಗರಿಗೆ ಹಾಲಿನವನೂ ಅಂಕಲ್, ಎಲ್‌ಐಸಿಯವನೂ ಅಂಕಲ್, ಗೋಕಾಕದಿಂದ ಬಂದ ಸ್ವಂತ ಮಾವನೂ ಅಂಕಲ್.

ಮನೆಯ ಆಯಿಗೆ ಇದು ಬಗೆಹರಿಯುವುದಿಲ್ಲ. ‘ಯಾರೋ ಅಂಕಲ್ ಬಂದಾರ’ ಎಂದು ಮೊಮ್ಮಗ ಬಾಗಿಲಿಂದ ಕೂಗಿದರೆ ಒಳಗಿಂದಲೇ ಕೇಳುತ್ತಾಳೆ: ‘ಯಾವ ಅಂಕಲ್ಲೋ? ಹೆಣ್ಣ ಕೊಡಾಂವನೋ, ಪಾಲ ಕೇಳಾಂವನೋ?’