ದಯವಿಟ್ಟು ಒಂದು ಒದೆ ಕೊಡಿ

ಪೋಲೆಂಡಿನ ಕ್ರಾಕೋವ್‌ಗೆ ಕೆಲಸಕ್ಕೆಂದು ಬಂದಾಗ ನನಗೆ ಗೊತ್ತಿದ್ದ ಪೋಲಿಷ್ ಪದ ಒಂದೇ ಒಂದು. ವೋದಾ, ಅಂದರೆ ನೀರು. ನೀರು ಕೇಳೋಕೆ ಬಂದರೆ ಸಾಕು, ಮಿಕ್ಕಿದ್ದು ತಾನಾಗೇ ಬರುತ್ತದೆ ಅಂತ ಅಪ್ಪ ಧೈರ್ಯ ಹೇಳಿ ಕಳಿಸಿದ್ದರು. ಅಪ್ಪ ಹೊಸೂರು ದಾಟಿ ಎಲ್ಲೂ ಹೋದವರಲ್ಲ.

ಕೇಳೋಕೆ ಹೋದಾಗಲೇ ಗೊತ್ತಾಗಿದ್ದು, ಅಲ್ಲೂ ವಿಭಕ್ತಿಗಳಿವೆ, ಎಣಿಸಿ 7. ನಮ್ಮ ನೀರು ಪಾಪ, ನೀರನ್ನು, ನೀರಿಂದ, ನೀರಿಗೆ ಅಂತ ಬಾಲ ಬದಲಿಸಿದರೂ ಮುಖದ ಗುರುತು ಸಿಗುತ್ತದೆ. ಅವರದ್ದು 'ನೀರಲ್ಲಿ' ಅನ್ನುವಷ್ಟರಲ್ಲಿ ವೊಜೆ ಆಗಿ ಕೂತಿರುತ್ತದೆ, ದಕಾರ ನೀರಲ್ಲೇ ಮುಳುಗಿ ಹೋಯಿತೋ ಏನೋ. 'ನೀರನ್ನು' ಅನ್ನೋಕೆ ವೊದೆ. ಬರೆಯುವಾಗ ಆ ಕೊನೆಯ ಅಕ್ಷರಕ್ಕೊಂದು ಪುಟ್ಟ ಬಾಲ ಇದೆ, ಆದರೆ ಮಾತಲ್ಲಿ ಅದು ಕೇಳಿಸುವುದೇ ಇಲ್ಲ. ಹಾಗಾಗಿ ಬಾಯಾರಿದಾಗಲೆಲ್ಲ ನಾನು ಹೋಟೆಲಿಗೆ ಹೋಗಿ ವಿನಯದಿಂದ "ಪೊಪ್ರೋಶೆ ವೊದೆ" ಅನ್ನುತ್ತೇನೆ. ದಯವಿಟ್ಟು ಒಂದು ಒದೆ ಕೊಡಿ.

ಮೊದಲ ಸಲ ಒದೆ ಕೇಳಿದಾಗ ಹೋಟೆಲಿನ ಹುಡುಗಿ "ಗಜೊವಾನಾ?" ಅಂದಳು. ನನಗೆ ಗಜವಾಹನ ಅಂತ ಕೇಳಿಸಿತು. ಯಾವ ವಾಹನದಲ್ಲಾದರೂ ಬರಲಿ, ನೀರು ಬಂದರೆ ಸಾಕು ಅಂತ ತಲೆಯಾಡಿಸಿದೆ. ಗ್ಯಾಸ್ ತುಂಬಿದ ನೀರು ಬಂತು. ಸಾದಾ ನೀರಿಗೆ "ನ್ಯೆಗಜೊವಾನಾ" ಅನ್ನಬೇಕಂತೆ. ಇದು ತಿಳಿಯುವ ಹೊತ್ತಿಗೆ 1.5 ಲೀಟರಿನ 6 ಬಾಟಲಿ ಗಜವಾಹನವನ್ನು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಗೆ ಹೊತ್ತು ಹಾಕಿದ್ದೆ. ಇಲ್ಲಿ ನಲ್ಲಿ ನೀರನ್ನೇ ಕುಡಿಯಬಹುದು ಅಂತ ಮನೆ ಓನರ್ ಅಜ್ಜಿ ಹೇಳಿದ್ದು ಆಮೇಲೆ. ಬಾಟಲಿಗಳು ಮಂಚದ ಕೆಳಗೆ ಸೇರಿದವು.

ಈ ಅಜ್ಜಿಯನ್ನು ಪಾನಿ ಅಂತ ಕರೆಯಬೇಕು. ಪೋಲಿಷಿನಲ್ಲಿ ಪಾನಿ ಅಂದರೆ ಅಮ್ಮಾವ್ರು. ನನ್ನ ಜೊತೆಗಿದ್ದ ದೆಹಲಿಯ ಗೆಳೆಯ ಹೋಟೆಲಲ್ಲಿ ಪಾನಿ, ಪಾನಿ ಅಂತ ಗೊಣಗಿದರೆ ಅಕ್ಕಪಕ್ಕದ ಟೇಬಲ್ಲಿನ ಹೆಂಗಸರೆಲ್ಲ ತಿರುಗಿ ನೋಡುತ್ತಿದ್ದರು. ಅದು ಅವನ ಗೋಳು, ನನ್ನ ಮಾನ ಹೋಗಿದ್ದು ಅಜ್ಜಿಯ ಮುಂದೆ. ಪೋಲಿಷರು ಪ್ರೀತಿ ಬಂದರೆ ಪದಕ್ಕೊಂದು 'ಕಾ' ಅಂಟಿಸಿ ಮುದ್ದು ಮಾಡುತ್ತಾರೆ. ಚಹಾ ಅಂದರೆ ಹೆರ್ಬಾತಾ, ಮುದ್ದಿಗೆ ಹೆರ್ಬಾತ್ಕಾ. ಕಾಫಿ ಕಾವಾ, ಮುದ್ದಿಗೆ ಕಾಫ್ಕಾ. ಒಂದು ಭಾನುವಾರ ಬೆಳಗ್ಗೆ 10 ಗಂಟೆಗೆ ಬಾಡಿಗೆ ಕೊಡಲು ಹೋದೆ. ಏನು ಕುಡಿಯುತ್ತೀರಿ ಅಂತ ಕೇಳಿದರು. ಹೆರ್ಬಾತಾ ಹೆರ್ಬಾತ್ಕಾ ಆಗುವುದಾದರೆ ವೋದಾ ಏನಾಗಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕಿ, "ಏನೂ ಬೇಡ ಪಾನಿ, ಒಂದು ಲೋಟ ವೋದ್ಕಾ ಕೊಡಿ ಸಾಕು" ಅಂದೆ.

ಅಜ್ಜಿ ಗಡಿಯಾರ ನೋಡಿದರು. ಗೋಡೆಯ ಮೇಲಿದ್ದ ಏಸುವನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು. ನನ್ನ ವ್ಯಾಕರಣವೇನೂ ತಪ್ಪಿರಲಿಲ್ಲ ಸ್ವಾಮಿ, ಆ ಹೆಸರು ಹುಟ್ಟಿದ್ದೇ 'ಪುಟ್ಟ ನೀರು' ಅಂತ. ಏನು ಮಾಡೋದು, ಮುದ್ದುಹೆಸರನ್ನು ಇನ್ನೊಂದು ಬಾಟಲಿಯವರು ಯಾವತ್ತೋ ಹೊಡೆದುಕೊಂಡು ಹೋಗಿದ್ದಾರೆ.

ಹುಟ್ಟುಹಬ್ಬಕ್ಕೆ ಆಫೀಸಿನವರು ಒಂದು ಚಂದದ ಬಾಟಲಿ ಕೊಟ್ಟರು. ಮೇಲೆ 'ವೋದಾ ತೊಆಲೆತೋವಾ' ಅಂತ ಬರೆದಿತ್ತು. ಮೊದಲನೇ ಪದ ನನಗೆ ಬರುತ್ತಿತ್ತು, ಎರಡನೆಯದಕ್ಕೆ ಡಿಕ್ಷನರಿ ಯಾಕೆ ಬೇಕು, ಅಲ್ವಾ? ಎರಡು ವಾರ ಅದನ್ನು ಟಾಯ್ಲೆಟ್ಟಿಗೆ ಹೊಡೆದೆ. ಅದು ಮೈಗೆ ಹಾಕಿಕೊಳ್ಳುವ ಸೆಂಟು ಅಂತ ತಿಳಿದಾಗ ಬಾಟಲಿಯ ತಳ ಕಾಣುತ್ತಿತ್ತು.

ನೀರು ಇರಬೇಕಾದ ಕಡೆ ಇರುವುದೂ ಇಲ್ಲ, ನೋಡಿ. ಇಂಗ್ಲಿಷಿನ ವಾಟರ್‌ಮೆಲನ್ ಇಲ್ಲಿ ಆರ್ಬುಸ್. ನಾವೂ ಅಷ್ಟು ನೀರಿರುವ ಹಣ್ಣಿಗೆ ಕಲ್ಲು ಸೇರಿಸಿ ಕಲ್ಲಂಗಡಿ ಅನ್ನುವವರೇ, ಅದಕ್ಕೆ ಹೆಚ್ಚು ಮಾತಾಡುವ ಹಾಗಿಲ್ಲ. ಹೈಡ್ರೋಜನ್ನಿಗೆ ಮಾತ್ರ ವೊದುರ್ ಅಂತಾರೆ. ನಮ್ಮ ಜಲಜನಕದ ಥರಾನೇ ನೀರಿಂದ ಹುಟ್ಟಿದ ಪದ. ಅದನ್ನು ಕಂಡ ದಿನ ನೆಂಟರು ಸಿಕ್ಕಷ್ಟು ಖುಷಿಯಾಯಿತು.

ಆಫೀಸಿನಲ್ಲಿ ಒಬ್ಬನಿಗೆ ಪ್ರಮೋಷನ್ ಆಯಿತು. ಪಕ್ಕದ ಸೀಟಿನವನು ಮೆಲ್ಲಗೆ, "ಅವನ ತಲೆಗೆ ಸೋಡಾ ನೀರು ಹೊಡೆದಿದೆ" ಅಂದ. ಸೋಡಾ ಬಾಟಲಿ ಅಂದರೆ ನಮಗೆ ಬರುವ ನೆನಪೇ ಬೇರೆ, "ಅಯ್ಯೋ, ಎಷ್ಟು ಹೊಲಿಗೆ ಬಿತ್ತು?" ಅಂತ ಕೇಳಿಬಿಟ್ಟೆ. ಕೊಂಬು ಬಂದಿದೆ ಅನ್ನೋದನ್ನು ಇಲ್ಲಿ ಹೀಗೆ ಹೇಳುತ್ತಾರಂತೆ. ನಾನು ಸುಮ್ಮನಿದ್ದೆನಾ? ಮುಂದಿನ ವಾರ ಮೀಟಿಂಗ್ ಮುಗಿಸಿ ಬಂದು, "ಇವತ್ತು ಮ್ಯಾನೇಜರ್ ನನಗೆ ಚೆನ್ನಾಗಿ ನೀರು ಕುಡಿಸಿದರು" ಅಂದೆ. "ಹೌದಾ, ತುಂಬಾ ಒಳ್ಳೆ ಮನುಷ್ಯ" ಅಂದ ಪುಣ್ಯಾತ್ಮ.

ಇಷ್ಟೆಲ್ಲ ಆಗಿ, ಫೆಬ್ರವರಿಯ ಚಳಿಯಲ್ಲಿ ಒಂದು ದಿನ ಕಟ್ಟಡದ ಬಾಗಿಲಿಗೆ ಚೀಟಿ ಅಂಟಿಸಿದ್ದರು. 'ಬ್ರಾಕ್ ವೊದಿ'. ಯಾರೋ ಹೊಸ ಬಾಡಿಗೆಯವರ ಹೆಸರಿರಬೇಕು ಅಂದುಕೊಂಡು ಮೇಲೆ ಬಂದೆ. ತಲೆಗೆ ಶಾಂಪೂ ಹಾಕಿ ಉಜ್ಜುತ್ತಿದ್ದಾಗ ನಲ್ಲಿ ಒಂದು ಸಲ ಕೆಮ್ಮಿ ನಿಂತೇಹೋಯಿತು. ವೊದಿ ಅಂದರೂ ನೀರೇ, ಷಷ್ಠಿ ವಿಭಕ್ತಿಯಲ್ಲಿ. ನೀರಿನ ಅಭಾವ! ಬೆಂಗಳೂರಲ್ಲಾಗಿದ್ದರೆ ಎರಡು ಬಕೆಟ್ ತುಂಬಿಸಿಟ್ಟಿರುತ್ತಿದ್ದೆ, ಇಲ್ಲಿ ಬಚ್ಚಲಲ್ಲಿ ಬಕೆಟ್ಟೇ ಇಲ್ಲ. ಕಣ್ಣು ಉರಿಯುತ್ತಿತ್ತು. ತಡಕಾಡಿಕೊಂಡು ಮಂಚದ ಕೆಳಗೆ ಕೈ ಹಾಕಿ, ಗಜವಾಹನವನ್ನು ಹೊರಗೆಳೆದು ತಲೆಗೆ ಸುರಿದುಕೊಂಡೆ. ಚುಸ್ಸ್ ಅಂತ ಸದ್ದು, ನೊರೆಯ ಮೇಲೆ ನೊರೆ, ಐಸಿನಂಥ ಚಳಿ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಟವೆಲ್ ಸುತ್ತಿಕೊಂಡು ತೆಗೆದರೆ, ಪಾಪ, ಅಜ್ಜಿ ಒಂದು ಪಾತ್ರೆ ನೀರು ಹಿಡಿದು ನಿಂತಿದ್ದರು. ನನ್ನ ತಲೆ ಇನ್ನೂ ಚುಸ್‌ಗುಡುತ್ತಿತ್ತು. ನನಗೆ ಬರುತ್ತಿದ್ದ ಒಂದೇ ಒಂದು ಪೂರ್ತಿ ವಾಕ್ಯವನ್ನು ವಿಭಕ್ತಿ ತಪ್ಪದೆ ಹೇಳಿದೆ: "ಪಾನಿ, ನನ್ನ ತಲೆಗೆ ಸೋಡಾ ನೀರು ಹೊಡೆದಿದೆ."

"ನನಗೆ ಆವತ್ತೇ ಗೊತ್ತಾಯಿತು," ಅಂದರು ಅಜ್ಜಿ, "ಬೆಳಗ್ಗೆ 10 ಗಂಟೆಗೆ ವೋದ್ಕಾ ಕೇಳಿದೆಯಲ್ಲ, ಆವತ್ತೇ."