ಅಡಿಮೇಲಾದ ಚಪ್ಪಡಿ

ಆಷಾಢದ ಮಳೆಯಲ್ಲಿ ಶಿವಮೊಗ್ಗದ ಫುಟ್‌ಪಾತ್ ಹತ್ತಿದವರಿಗೆ ಎಲ್ಲೋ ಒಂದು ಚಪ್ಪಡಿ ಕಾದೇ ಇರುತ್ತದೆ. ನೋಡಲು ಅಕ್ಕಪಕ್ಕದವುಗಳ ಹಾಗೇ ಸಂಭಾವಿತ. ಈ ತುದಿಗೆ ಕಾಲಿಟ್ಟರೆ ಆ ತುದಿ ಏಳುತ್ತದೆ, ಕಾಲು ತೆಗೆದರೆ ‘ಡಬ್’ ಎಂದು ಕೂರುತ್ತದೆ. ಈ ಎರಡರ ನಡುವೆ ಅಡಿಯಲ್ಲಿ ನಿಂತಿದ್ದ ಕೆಸರುನೀರು ಸಂದಿಯಿಂದ ಚಿಮ್ಮಿ ಪಂಚೆಯನ್ನೋ ಸೀರೆಯ ನೆರಿಗೆಯನ್ನೋ ಮೊಣಕಾಲಿನವರೆಗೆ ತೋಯಿಸಿಬಿಡುತ್ತದೆ. ಮೇಲಿಂದ ಬೀಳುವ ಮಳೆಗೆ ಕೊಡೆ ಉಂಟು, ಕೆಳಗಿಂದ ಬರುವುದಕ್ಕೆ ಯಾರೂ ಇನ್ನೂ ಏನೂ ಮಾಡಿಲ್ಲ. ತೊಯ್ದವರು ಮೊದಲು ಯಾರಾದರೂ ಕಂಡರೇನೋ ಎಂದು ಸುತ್ತ ನೋಡುತ್ತಾರೆ. ಆಮೇಲೆ ಮರುಮಾತಿಲ್ಲದೆ ರಸ್ತೆಗಿಳಿದು ಬಸ್ಸು, ಆಟೋಗಳ ಪಕ್ಕದಲ್ಲಿ ನಡೆಯುತ್ತಾರೆ.

ದುರ್ಗಿಗುಡಿಯಲ್ಲಿ ನೋಡಿ, ನೆಹರೂ ರಸ್ತೆಯಲ್ಲಿ ನೋಡಿ, ಫುಟ್‌ಪಾತ್ ಇದ್ದೂ ಜನ ರಸ್ತೆಯ ಮೇಲೆಯೇ ನಡೆಯುತ್ತಾರೆ. ನಮ್ಮವರಿಗೆ ಶಿಸ್ತಿಲ್ಲ ಎನ್ನುವುದು ಕಾರಿನಲ್ಲಿ ಕೂತವರ ತೀರ್ಮಾನ. ಅದಕ್ಕಿಂತ ಸರಿಯಾದ ಕಾರಣವೊಂದಿದೆ, ಅದನ್ನು ಹೇಳಲೆಂದೇ ಇದನ್ನು ಶುರು ಮಾಡಿದ್ದು. ಆದರೆ ಆ ಚಪ್ಪಡಿ ಯಾಕೆ ಅಲ್ಲಾಡಿತು ಎನ್ನುವುದನ್ನು ಮೊದಲು ಮುಗಿಸಿಬಿಡೋಣ.

ನಮ್ಮ ಊರುಗಳಲ್ಲಿ ಅರ್ಧಕ್ಕರ್ಧ ಫುಟ್‌ಪಾತ್ ಎಂದರೆ ಚರಂಡಿಯ ಮುಚ್ಚಳ. ಎರಡು ಗೋಡೆ, ಅವುಗಳ ಮೇಲೆ ಸಾಲಾಗಿ ಜೋಡಿಸಿದ ಕಾಂಕ್ರೀಟ್ ಸ್ಲ್ಯಾಬು. 90 ಸೆಂ.ಮೀ. ಉದ್ದ, 60 ಅಗಲ, 10 ದಪ್ಪದ್ದಾದರೆ ಒಂದೊಂದೂ ಸುಮಾರು 135 ಕೆಜಿ ತೂಗುತ್ತದೆ. ಗೋಡೆಯ ತಲೆ ಸಮವಾಗಿಲ್ಲದಿದ್ದರೆ ಸ್ಲ್ಯಾಬು ಮೂರೇ ಕಡೆ ಕೂತು ನಾಲ್ಕನೆಯ ಮೂಲೆ ಗಾಳಿಯಲ್ಲಿರುತ್ತದೆ. ಅಲ್ಲಾಡುವುದಕ್ಕೆ ಇಷ್ಟು ಸಾಕು. ಇದರ ರಿಪೇರಿ ಎಂದು ನಮ್ಮಲ್ಲಿ ಚಾಲ್ತಿಯಲ್ಲಿರುವುದು ಸಂದಿಗೊಂದು ಜಲ್ಲಿಕಲ್ಲು ಗಿಡಿದು ಕೈ ಒರೆಸಿಕೊಳ್ಳುವುದು. ಎರಡು ಸ್ಕೂಟರ್ ಹತ್ತಿಳಿದರೆ ಆ ಕಲ್ಲು ಪುಡಿ. ಮಾಡಬೇಕಾದ್ದು ಬಹಳ ಸುಲಭದ್ದು. ಸ್ಲ್ಯಾಬ್ ಎತ್ತಿ, ಗೋಡೆಯ ತಲೆಯ ಮಣ್ಣು, ಪಾಚಿ ಕೆರೆದು, ನೀರು ಚಿಮುಕಿಸಿ, ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆಯನ್ನು ಒಂದು ಸೆಂಟಿಮೀಟರ್ ಹಾಸಿ, ಹಸಿಯಿದ್ದಾಗಲೇ ಸ್ಲ್ಯಾಬನ್ನು ಮೆಲ್ಲಗೆ ಕೂರಿಸುವುದು. ಎರಡೂ ಕಡೆ ಗೋಡೆಯ ಮೇಲೆ ಕನಿಷ್ಠ ಏಳೂವರೆ ಸೆಂ.ಮೀ. ಕೂತಿರಬೇಕು. ಗಾರೆ ಇದಕ್ಕಿಂತ ಗಟ್ಟಿ ಬೇಡ. ಮುಂದಿನ ಮಳೆಗಾಲಕ್ಕೆ ಮುಂಚೆ ಚರಂಡಿ ಹೂಳೆತ್ತಲು ಇದೇ ಸ್ಲ್ಯಾಬನ್ನು ಮತ್ತೆ ಎಬ್ಬಿಸಬೇಕಲ್ಲ.

ಎಬ್ಬಿಸುವ ಆ ದಿನದ ಕತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸ್ಲ್ಯಾಬು ಎರಕ ಹೊಯ್ಯುವಾಗ ಎತ್ತಲು ಬರಲೆಂದು ಎರಡು ಕಡೆ ಕಬ್ಬಿಣದ ಕೊಂಡಿ ಬಿಟ್ಟಿರುತ್ತಾರೆ. ಅದು ಮೇಲೆ ಎರಡು ಮೂರು ಅಂಗುಲ ಎದ್ದು ನಿಂತಿರುತ್ತದೆ. ಶಾಲೆಗೆ ಹೋಗುವ ಮಕ್ಕಳೂ ದೇವಸ್ಥಾನಕ್ಕೆ ಹೋಗುವ ಮುದುಕರೂ ಅದಕ್ಕೆ ಎಡವುತ್ತಾರೆ. ದೂರು ಹೋಗುತ್ತದೆ. ಸರ್ಕಾರಿ ಯಂತ್ರ ಅಪರೂಪಕ್ಕೆ ಚುರುಕಾಗುವುದು ಇಂಥಲ್ಲಿ. ಗ್ಯಾಸ್ ಕಟರ್ ತಂದು ಕೊಂಡಿಗಳನ್ನೆಲ್ಲ ಬುಡಸಮೇತ ಕತ್ತರಿಸಿ ಹೋಗುತ್ತಾರೆ. ಎಡವುವ ಕಾಟ ತಪ್ಪಿತು ಎಂದು ಎಲ್ಲರಿಗೂ ಸಮಾಧಾನ. ಆದರೆ ಆ ಕೊಂಡಿಗೆ ಇನ್ನೊಂದು ಕೆಲಸವಿತ್ತು. ಸ್ಲ್ಯಾಬಿನ ಯಾವ ಮುಖ ಮೇಲೆ ಎಂದು ಎಲ್ಲರ ಕಣ್ಣಿಗೂ ಬೀಳುವಂತೆ ತೋರಿಸುತ್ತಿದ್ದ ಗುರುತು ಅದೊಂದೇ.

ಈಗ ಮೇ ತಿಂಗಳಲ್ಲಿ ಹೂಳೆತ್ತುವವರು ಬರುತ್ತಾರೆ. ಕೊಂಡಿಯಿಲ್ಲ, ಹಾರೆ ಹಾಕಿಯೇ ಎಬ್ಬಿಸಬೇಕು. ಮೀಟುವ ಭರಕ್ಕೆ ಅಂಚು ಮುಕ್ಕಾಗುತ್ತದೆ. ನೆಟ್ಟಗೆ ನಿಂತ ಸ್ಲ್ಯಾಬನ್ನು ಅತ್ತ ಕೆಡವುತ್ತಾರೆ. ಹೂಳು ಬಾಚಿ ರಸ್ತೆಬದಿಗೆ ಗುಡ್ಡೆ ಹಾಕಿದ ಮೇಲೆ ವಾಪಸ್ ಮುಚ್ಚುವ ಹೊತ್ತು ಬರುತ್ತದೆ.

“ಯಾವ ಕಡೆ ಮೇಲಿತ್ತೋ?”

“ಯಾವುದಾದ್ರೆ ಎಂತ ಮಾರಾಯ, ನುಣ್ಣಗಿರೋದು ಮೇಲಿರ್ಲಿ. ಚಂದ ಕಾಣ್ತದೆ.”

ಜಗುಲಿಯಲ್ಲಿ ಕಾಫಿ ಲೋಟ ಹಿಡಿದು ನಿಂತ ಮನೆ ಯಜಮಾನರೂ ಹೌದು ಹೌದು ಎಂದು ತಲೆಯಾಡಿಸುತ್ತಾರೆ. ನುಣ್ಣಗಿರುವುದು ಯಾವಾಗಲೂ ಅಡಿಭಾಗ! ಪ್ಲಾಸ್ಟಿಕ್ ಹಾಳೆಯ ಮೇಲೋ ಕಬ್ಬಿಣದ ಅಚ್ಚಿನಲ್ಲೋ ಹೊಯ್ದಾಗ ಕೆಳಮುಖವೇ ಕನ್ನಡಿಯಾಗುವುದು. ಮೇಲ್ಮುಖಕ್ಕೆ ಕರಣೆ, ಪೊರಕೆ ಆಡಿಸಿ ಬೇಕೆಂದೇ ತರಿ ಬಿಟ್ಟಿರುತ್ತಾರೆ. ಕಂಬಿ ಇರುವುದೂ ಅಡಿಯಲ್ಲೇ, ಕೆಳಮುಖದಿಂದ ಎರಡು ಸೆಂ.ಮೀ. ಒಳಗೆ. ಎರಡು ಗೋಡೆಯ ನಡುವೆ ಸ್ಲ್ಯಾಬು ಭಾರ ಹೊತ್ತಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಅಡಿಭಾಗ ಎಳೆದುಕೊಳ್ಳುತ್ತದೆ. ಒತ್ತುವುದನ್ನು ಕಾಂಕ್ರೀಟ್ ಎಷ್ಟು ಬೇಕಾದರೂ ತಾಳಿಕೊಳ್ಳುತ್ತದೆ. ಎಳೆತ ತಾಳುವ ಶಕ್ತಿ ಅದರ ಹತ್ತರಲ್ಲೊಂದು ಪಾಲು. ಆ ಕೊರತೆ ತುಂಬಲೆಂದೇ ಅಡಿಯಲ್ಲಿ 8 ಎಂ.ಎಂ. ಕಂಬಿಗಳನ್ನು 15 ಸೆಂ.ಮೀ.ಗೊಂದರಂತೆ ಮಲಗಿಸಿರುವುದು. ಸ್ಲ್ಯಾಬು ಮಗುಚಿದರೆ ಕಂಬಿಗಳೆಲ್ಲ ಮೇಲೆ ಬಂದು ಆರಾಮವಾಗಿ ಮಲಗುತ್ತವೆ, ಎಳೆತದ ಕಡೆ ಬರೀ ಕಾಂಕ್ರೀಟು. ಜನ ನಡೆದರೆ ಇನ್ನೂ ತಡೆದೀತು. ತರಕಾರಿ ಆಟೋದ ಒಂದು ಚಕ್ರ ಹತ್ತಿದರೆ ಸಾಕು, ನಡುಮಧ್ಯಕ್ಕೆ ಅಡ್ಡಬಿರುಕು. ‘ಏನು ಕಳಪೆ ಕಾಮಗಾರಿ ಮಾರಾಯ್ರೆ’ ಎಂದು ಬೈಗುಳ ಶುರುವಾಗುತ್ತದೆ. ಕಳಪೆಯೂ ಇದ್ದೀತು, ಆದರೆ ನಡುವಿನಲ್ಲಿ ನೆಟ್ಟಗೆ ಸೀಳಿದ ಸ್ಲ್ಯಾಬು ಕಂಡರೆ ಮೊದಲು ಬಗ್ಗಿ ಅದರ ಮುಖ ನೋಡಿ. ಹೊಳೆಯುತ್ತಿದ್ದರೆ ಅದು ತಲೆಕೆಳಗಾಗಿ ಮಲಗಿದೆ. ಆ ಹೊಳಪಿನ ಮೇಲೆ ಪುನರ್ವಸು ಮಳೆಯ ಹೊತ್ತಿಗೆ ಪಾಚಿ ಕಟ್ಟುತ್ತದೆ, ಜಾರಿ ಬೀಳುವ ಭಾಗ್ಯವೂ ಪುಕ್ಕಟೆ.

ಇದಕ್ಕೆ ಮದ್ದು ಪುಡಿಗಾಸಿನದು. ಎರಕ ಹೊಯ್ಯುವಾಗ ಕೊಂಡಿಯ ಸುತ್ತ ಒಂದು ಬಟ್ಟಲಿನಷ್ಟು ಗುಳಿ ಬಿಟ್ಟರೆ ಕೊಂಡಿ ಅದರೊಳಗೇ ಅಡಗಿರುತ್ತದೆ, ಯಾರೂ ಎಡವುವುದಿಲ್ಲ. ಅಷ್ಟೂ ಆಗದಿದ್ದರೆ ಮೇಲ್ಮುಖಕ್ಕೆ ಒಂದು ಗೀಟು ಕೆಂಪು ಪೇಂಟ್. ಕಾಮಗಾರಿಯ ಉದ್ಘಾಟನೆಗೆ ನೆಡುವ ಗ್ರಾನೈಟ್ ನಾಮಫಲಕದ ಅಕ್ಷರಗಳಿಗೆ ಬಳಿದು ಉಳಿದ ಪೇಂಟೇ ಸಾಕಾದೀತು. ಹಾಗೆ ನೋಡಿದರೆ ಆ ಫಲಕದ ತಳಪಾಯ ಯಾವತ್ತೂ ಕುಸಿದದ್ದಿಲ್ಲ. ಪಕ್ಕದ ಫುಟ್‌ಪಾತ್ ಮಣ್ಣುಪಾಲಾದರೂ ಹೆಸರುಗಳು ನೆಟ್ಟಗೆ ನಿಂತಿರುತ್ತವೆ. ಕೆಲಸ ಬಲ್ಲ ಮೇಸ್ತ್ರಿಗಳು ಊರಲ್ಲಿ ಇದ್ದಾರೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ನೆಲದ ಮೇಲೇ ಹಾಸಿದ ಕಾಂಕ್ರೀಟು. ಇದರ ಶತ್ರು ಪಾದಚಾರಿಯಲ್ಲ, ಅಡಿಯ ಮಣ್ಣು. ನೀರಿನ ಪೈಪಿಗೋ ಕೇಬಲ್ಲಿಗೋ ಅಗೆದು, ತೆಗೆದ ಮಣ್ಣನ್ನೇ ಒಂದೇ ಸಲ ಸುರಿದು, ಮೇಲೆ ಮೂರಂಗುಲ ಕಾಂಕ್ರೀಟ್ ಎಳೆದು ಹೋದರೆ ಆರಿದ್ರ ಮಳೆಗೆ ಮಣ್ಣು ಕೆಳಗಿಳಿಯುತ್ತದೆ. ಮೇಲಿನ ಹಾಸು ಸ್ವಲ್ಪ ದಿನ ಪೊಳ್ಳಿನ ಮೇಲೆ ನಿಂತಿದ್ದು ಒಂದು ದಿನ ಒಳಗೆ ಹೋಗುತ್ತದೆ. ಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ಹಸಿ ಮಾಡಿ, ದಮ್ಮಸು ಹೊಡೆಯುತ್ತಾ ಬರಬೇಕು. ಹೊಸ ಕಾಂಕ್ರೀಟು ಗುಂಡಿಯ ಅಗಲಕ್ಕೇ ನಿಲ್ಲದೆ ಎರಡೂ ಕಡೆ ಒಂದೊಂದು ಗೇಣು ಅಗೆಯದ ಗಟ್ಟಿ ನೆಲದ ಮೇಲೆ ಹತ್ತಿ ಕೂತಿರಬೇಕು. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಅಗೆಯುವ ಗುತ್ತಿಗೆ ಒಬ್ಬರದು, ಮುಚ್ಚುವುದು ಇನ್ನೊಬ್ಬರದು, ಅಷ್ಟೇ.

ಮೇಲ್ಮೈ ಕಿತ್ತುಹೋದ ಕಡೆ ತೇಪೆ ಹಾಕುವ ನಮ್ಮ ಕ್ರಮವಂತೂ ಸಿಟ್ಟು ಬರಿಸುವಂಥದು. ಬಾಂಡ್ಲಿಯಲ್ಲಿ ಸಿಮೆಂಟು ಕಲಸಿ ಗುಂಡಿಗೆ ಸುರಿದು, ಅಂಚುಗಳನ್ನು ತೆಳ್ಳಗೆ ಎಳೆದು ಸವರುತ್ತಾರೆ. ಕೆಳಗೆ ಧೂಳು, ಅಂಚಿನಲ್ಲಿ ಕಾಗದದ ದಪ್ಪ. ಎರಡು ತಿಂಗಳಿಗೆ ಕಾವಲಿಯಿಂದ ರೊಟ್ಟಿ ಎದ್ದಂತೆ ಎದ್ದು ಬರುತ್ತದೆ. ಮೊದಲು ಸುತ್ತಿಗೆಯಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದಲ್ಲಿ ‘ಟಣ್’ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಲ್ಲಿ ಪೊಳ್ಳು ದನಿ. ಪೊಳ್ಳು ಮುಗಿಯುವವರೆಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಗೆರೆಯ ಮೇಲೆ ಕಟರ್‌ನಿಂದ ಎರಡೂವರೆ ಸೆಂ.ಮೀ. ಆಳಕ್ಕೆ ನೆಟ್ಟಗೆ ಕೊಯ್ದು, ಒಳಗಿನದನ್ನು ಉಳಿ ಹಿಡಿದು ತೆಗೆಯಬೇಕು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಧೂಳು ತೊಳೆದು, ರಾತ್ರಿಯಿಡೀ ಒದ್ದೆ ಇಡಬೇಕು. ಬೆಳಿಗ್ಗೆ ನಿಂತ ನೀರನ್ನು ಬಟ್ಟೆಯಲ್ಲಿ ಒರೆಸಬೇಕು. ಹಳೇ ಕಾಂಕ್ರೀಟಿನ ಹೊಟ್ಟೆ ತುಂಬಿರಬೇಕು, ಮೈ ಮಾತ್ರ ಒಣಗಿರಬೇಕು. ಆಮೇಲೆ ಎಸ್‌ಬಿಆರ್ ಎಂಬ ಅಂಟು ಹಿಡಿಸುವ ರಬ್ಬರ್ ದ್ರವ ಒಂದು ಪಾಲು, ನೀರು ಒಂದು ಪಾಲು, ಪೇಂಟಿನ ಹದಕ್ಕೆ ಬರುವಷ್ಟು ಸಿಮೆಂಟು ಸೇರಿಸಿ ಬಳಿದು, ಅದು ಅಂಟಂಟಾಗಿ ಇರುವಾಗಲೇ ಒಂದಕ್ಕೆ ಮೂರರ ಗಾರೆ ತುಂಬಬೇಕು. ಗುಂಡಿ ಎರಡಂಗುಲ ಮೀರಿದರೆ ಬೇಬಿ ಜಲ್ಲಿ ಸೇರಿಸಿ. ಬಳಿದದ್ದು ಒಣಗಿಬಿಟ್ಟರೆ ಅದೇ ಪೊರೆಯಾಗಿ ಎರಡನ್ನೂ ಬೇರೆ ಮಾಡುತ್ತದೆ. ಚಹಾಕ್ಕೆ ಹೋಗುವುದಿದ್ದರೆ ಬಳಿಯುವ ಮೊದಲೇ ಹೋಗಿ ಬರುವುದು ಒಳ್ಳೆಯದು.

ಕೊನೆಗೆ ಒಣ ಸಿಮೆಂಟ್ ಪುಡಿ ಉದುರಿಸಿ ನುಣುಪು ಎಳೆಯುವ ಚಟ ಒಂದಿದೆ. ಮೇಲೆ ಬಂದ ನೀರನ್ನು ಹೀರಿಸಲು ಅದು ಸುಲಭದ ದಾರಿ. ಆ ತೊಗಲು ಮೊದಲ ಬೇಸಗೆಗೇ ಪುಡಿಯಾಗಿ ಏಳುತ್ತದೆ, ಅಲ್ಲಿಯವರೆಗೆ ಜಾರುತ್ತದೆ. ನೀರು ತಾನಾಗಿ ಆರುವವರೆಗೆ ಕಾದು, ಮರದ ಹಲಗೆಯಲ್ಲಿ ಉಜ್ಜಿ, ಗಡಸು ಪೊರಕೆಯನ್ನು ನಡೆಯುವ ದಿಕ್ಕಿಗೆ ಅಡ್ಡಲಾಗಿ ಒಮ್ಮೆ ಎಳೆದರೆ ಮುಗಿಯಿತು. ಕಾಲಿಗೆ ಹಿಡಿತವೂ ಸಿಗುತ್ತದೆ, ಗೀರುಗುಂಟ ನೀರು ಚರಂಡಿಗೂ ಹೋಗುತ್ತದೆ. ಒಂದೂವರೆ ಮೀಟರ್ ಅಗಲಕ್ಕೆ ಮೂರು ಸೆಂ.ಮೀ. ಇಳಿಜಾರು ಇರಲೇಬೇಕು. ಅದಿಲ್ಲದ ಕಡೆ ಎಷ್ಟು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದರೂ ಪಾಚಿ ಮರಳಿ ಬರುತ್ತದೆ. ಬ್ಲೀಚಿಂಗ್ ಪುಡಿಯಾದರೂ ಸರಿ, ಪಾಯಿಖಾನೆ ತೊಳೆಯುವ ಆಸಿಡ್ ಮಾತ್ರ ಬೇಡ, ಅದು ಪಾಚಿಯ ಜೊತೆ ಸಿಮೆಂಟನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪುಡಿ, ಆಸಿಡ್ ಎರಡನ್ನೂ ಸೇರಿಸಿದರೆ ಏಳುವುದು ವಿಷಗಾಳಿ.

ಬಿರುಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 10 ಸೆಂ.ಮೀ. ದಪ್ಪದ ಕಾಂಕ್ರೀಟ್ ಹಾಸಿನಲ್ಲಿ ಒಂದೂವರೆ ಎರಡು ಮೀಟರಿಗೊಂದು ಗೀಟನ್ನು ಎರಡೂವರೆ ಸೆಂ.ಮೀ. ಆಳಕ್ಕೆ, ಹೊಯ್ದ ದಿನವೇ ಕೊಯ್ದುಬಿಡಬೇಕು. ನೀವು ಕೊಯ್ಯದಿದ್ದರೆ ಅದು ತನಗೆ ಬೇಕಾದ ಕಡೆ ಕೊಯ್ದುಕೊಳ್ಳುತ್ತದೆ.

ಮಲೆನಾಡಿನಲ್ಲಿ ಕೆಲಸ ಹಾಳಾಗುವುದು ಹೆಚ್ಚಾಗಿ ನೀರಿನ ಲೆಕ್ಕದಲ್ಲಿ. ಒಂದು ಚೀಲ ಸಿಮೆಂಟಿಗೆ 25 ಲೀಟರ್ ನೀರು, ಅದಕ್ಕಿಂತ ಮೇಲೆ ಹೋಗಬಾರದು. ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿಯ ಮಿಶ್ರಣದಲ್ಲಿ ಚೀಲಕ್ಕೆ ಸುಮಾರು 80 ಕೆಜಿ ಎಂ-ಸ್ಯಾಂಡ್ ಹೋಗುತ್ತದೆ. ಮಳೆಯಲ್ಲಿ ನೆನೆದ ಮರಳು ತೂಕದ ನೂರಕ್ಕೆ ಐದರಷ್ಟು ನೀರು ಹೊತ್ತಿದ್ದರೂ ಬಕೆಟ್ ಮುಟ್ಟುವ ಮೊದಲೇ ನಾಲ್ಕು ಲೀಟರ್ ಬಿದ್ದಾಯಿತು. ಅದನ್ನು ಯಾರು ಕಳೆಯುತ್ತಾರೆ? ‘ಸ್ವಲ್ಪ ತೆಳ್ಳಗಿದ್ರೆ ಎಳೆಯೋಕೆ ಚೆನ್ನಾಗಿರ್ತದೆ ಸಾರ್’ ಎಂದು ಇನ್ನೊಂದು ಬಕೆಟ್ ಬೀಳುತ್ತದೆ. ಶಿವಮೊಗ್ಗದಲ್ಲಿ ಬಿಸಿಲು ಕಂಡ ಮೇಸ್ತ್ರಿ ತೀರ್ಥಹಳ್ಳಿಗೋ ಹೊಸನಗರಕ್ಕೋ ಹೋಗಿ ಅದೇ ಅಂದಾಜಿನಲ್ಲಿ ಕಲಸಿದರೆ ಕೆಟ್ಟಿತು. ಆಗುಂಬೆಯ ಮಳೆ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ, ಶಿವಮೊಗ್ಗ ಪೇಟೆಗೆ ಅದರ ಕಾಲುಭಾಗವೂ ಇಲ್ಲ. ಎರಡೂ ಒಂದೇ ಜಿಲ್ಲೆ, ಟೆಂಡರಿನ ವಿವರವೂ ಒಂದೇ.

ಹೊಸ ಕಾಂಕ್ರೀಟನ್ನು ಒದ್ದೆಯಿಡುವ ಕ್ಯೂರಿಂಗನ್ನು ಮಳೆಯೇ ಮಾಡುತ್ತದೆ ಎನ್ನುವ ಧೈರ್ಯವೂ ಅರ್ಧ ಸತ್ಯ. ಗಟ್ಟಿಯಾಗುವವರೆಗೆ ಟಾರ್ಪಾಲಿನ ಮರೆ ಇಲ್ಲದಿದ್ದರೆ ಮಳೆ ಸಿಮೆಂಟಿನ ಹಾಲನ್ನೇ ತೊಳೆದೊಯ್ಯುತ್ತದೆ. ಗಟ್ಟಿಯಾದ ಮೇಲೆ ಬಂದರೆ ಪುಣ್ಯ. ಇತ್ತ ಲೆಕ್ಕಪತ್ರ ಮುಗಿಸಲು ಮಾರ್ಚ್ ಕೊನೆಯ ವಾರ ಹೊಯ್ಯುವ ಫುಟ್‌ಪಾತಿಗೆ ಮಳೆಯೂ ಇಲ್ಲ, ಮೆದೆಹುಲ್ಲೂ ಇಲ್ಲ, ಒದ್ದೆ ಗೋಣಿಯೂ ಇಲ್ಲ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಹಾರುಬೂದಿಯಂಥದು ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಬೇಕು. ಮೂರನೆಯ ದಿನಕ್ಕೆ ಬಿಲ್ಲು ಪಾಸಾಗಿರುತ್ತದೆ.

ಜನ ರಸ್ತೆಯಲ್ಲಿ ನಡೆಯುವ ಕಾರಣ ಬಾಕಿ ಉಳಿದಿದೆ. 2012ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಹೊರಡಿಸಿದ ಪಾದಚಾರಿ ಮಾರ್ಗಸೂಚಿ ಅಂಚುಕಲ್ಲಿನ ಎತ್ತರ 15 ಸೆಂ.ಮೀ. ಮೀರಬಾರದು ಎಂದಿತ್ತು, ವಸತಿ ಬೀದಿಯಲ್ಲಿ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಕೇಳಿತ್ತು. ಆ ಕಾರಣವನ್ನು ಈ ಎತ್ತರ, ಅಗಲಗಳ ಲೆಕ್ಕದಿಂದಲೇ ಶುರು ಮಾಡಬಹುದಿತ್ತು. ಆದರೆ ಅದಕ್ಕಿಂತ ತುರ್ತಿನದು ಇನ್ನೊಂದಿದೆ, ಅದು ಮಹಡಿ ಮೆಟ್ಟಿಲ ಕೆಳಗಿನ ಅರ್ಧ ಚೀಲ ಸಿಮೆಂಟು. ಮನೆ ಕಟ್ಟಿ ಉಳಿದದ್ದು, ಬಾಯಿ ಸುತ್ತಿ ಇಟ್ಟದ್ದು ಪ್ರತಿ ಮನೆಯಲ್ಲೂ ಇರುತ್ತದೆ. ಗೇಟಿನ ಮುಂದಿನ ಫುಟ್‌ಪಾತಿನ ತೇಪೆಗಳಲ್ಲಿ ಎಷ್ಟೋ ಹುಟ್ಟುವುದು ಅದರಿಂದಲೇ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ, ಓದಿಕೊಳ್ಳಿ. ಒಳ್ಳೆಯ ಜಾಗದಲ್ಲಿಟ್ಟರೂ ಮೂರು ತಿಂಗಳಿಗೆ ಐದರಲ್ಲೊಂದು ಪಾಲು ಬಲ ಹೋಗಿರುತ್ತದೆ. ನಮ್ಮ ಜಡಿಮಳೆಯ ಥಂಡಿಯಲ್ಲಿ, ಗೋಡೆಗೆ ಒರಗಿ, ಬರಿನೆಲದ ಮೇಲೆ ಕೂತದ್ದಕ್ಕೆ ಅಷ್ಟೂ ಆಯಸ್ಸಿಲ್ಲ. ಒಂದು ಗಂಟು ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಹಿಸುಕಿ ನೋಡಿ. ಪುಡಿಯಾದರೆ ಜರಡಿ ಹಿಡಿದು ಗೋಡೆಯ ಸಣ್ಣಪುಟ್ಟ ತೂತು ಮುಚ್ಚಲು ಇಟ್ಟುಕೊಳ್ಳಿ. ಪುಡಿಯಾಗದಿದ್ದರೆ ಎಸೆಯಿರಿ. ಎಸೆಯಲು ಕೈ ಬಾರದಿದ್ದರೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ. ದಯವಿಟ್ಟು ಗೇಟಿನ ಹೊರಗೆ ತರಬೇಡಿ.